ಕತ್ತರಿಗೆ ಸಿಗದ ಗ್ರಿಪ್ಪು

ನಮ್ಮ ಚಿಕ್ಕಪ್ಪನಿಗೆ ಅಪ್ಪಿತಪ್ಪಿಯೂ ಕೈ ಕೊಡಬೇಡಿ! ಅವರು ಕುಲುಕುವುದಿಲ್ಲ. ಹಿಡಿದು, ತಿರುಗಿಸಿ, ಮಣಿಕಟ್ಟಿನ ಮೇಲೆ ಹೆಬ್ಬೆರಳೊತ್ತಿ, ನಿಮ್ಮ ಮುಖವನ್ನೇ ದಿಟ್ಟಿಸುತ್ತಾ "ಇಲ್ಲಿ ನೋವಿದೆಯಾ?" ಎನ್ನುತ್ತಾರೆ. ಇಲ್ಲವೆಂದರೆ ನಂಬುತ್ತಾರೆಯೇ? ಇನ್ನೊಂದು ಕೈ ಕೇಳುತ್ತಾರೆ.

ಮುಳಬಾಗಿಲಿನಲ್ಲಿ ನಮ್ಮವರದೇ ಒಂದು ಮದುವೆ. ಆರತಕ್ಷತೆಯಲ್ಲಿ ಮದುಮಗ, ಪಾಪ, ಕೈ ಚಾಚಿದ. ಚಿಕ್ಕಪ್ಪ ಒತ್ತಿದರು. ಅವನು "ಅಯ್ಯಪ್ಪಾ!" ಎಂದ. ಹೆಣ್ಣಿನ ತಂದೆ ರಾಯಲ್ಪಾಡಿನವರು, ತೆಲುಗು ಮನೆಮಾತಿನವರು. ಬೆವರುತ್ತಾ ನನ್ನ ಬಳಿ ಬಂದು, "ಏಮಮ್ಮಾ, ಅಲ್ಲುಡಿಕಿ ಏಮನ್ನಾ ರೋಗಮಾ?" ಎಂದು ಪಿಸುಗುಟ್ಟಿದರು. ಅಳಿಯನಿಗೆ ಯಾವ ರೋಗವೂ ಇಲ್ಲ, ಇರುವುದು ಒತ್ತಿದವರಿಗೆ ಎಂದು ಸಮಾಧಾನ ಹೇಳಿ ಕಳಿಸಿದೆ.

ಈ ರೋಗಕ್ಕೆ ಕಾರಣವಿದೆ. ಚಿಕ್ಕಪ್ಪ ಕೋಲಾರದಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಾರೆ. ಬಾರ್ ಹಿಡಿದು ಗಿರಗಿರ ಸುತ್ತುವ ಮಕ್ಕಳು ಅಂಗೈಗೆ ಗ್ರಿಪ್ಪು ಕಟ್ಟಿಕೊಳ್ಳುತ್ತಾರೆ. ಅದೊಂದು ಚರ್ಮದ ಪಟ್ಟಿ. ಒಂದು ತುದಿಯನ್ನು ಮಣಿಕಟ್ಟಿಗೆ ಬಿಗಿಯುತ್ತಾರೆ, ಇನ್ನೊಂದು ತುದಿಯ ತೂತುಗಳಲ್ಲಿ ಬೆರಳು ತೂರಿಸುತ್ತಾರೆ. ಹಳೆಯದಾದರೆ ಚರ್ಮ ಹಿಗ್ಗುತ್ತದೆ. ಹಿಗ್ಗಿದ ಪಟ್ಟಿ ಬಾರಿಗೆ ಸುತ್ತಿಕೊಂಡು ಕಚ್ಚಿಬಿಟ್ಟರೆ ಕೈ ಅಲ್ಲೇ ನಿಂತಿತು. ಮೈ ನಿಲ್ಲುತ್ತದೆಯೇ? ಅದು ಸುತ್ತುತ್ತಲೇ ಇರುತ್ತದೆ. ಮುರಿಯುವುದು ಮುಂಗೈ.

ಚಿಕ್ಕಪ್ಪನ ಬಲ ಮುಂಗೈ ಹರೆಯದಲ್ಲಿ ಮುರಿದದ್ದು ಹೀಗೆಯೇ. ಮೂಳೆ ಕೂಡಿತು, ಆದರೆ ಅಂಗೈ ಇವತ್ತಿಗೂ ಮೇಲ್ಮುಖವಾಗಿ ತಿರುಗುವುದಿಲ್ಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಎಡಗೈ ಒಡ್ಡುತ್ತಾರೆ. ಒಮ್ಮೆ ಹೊಸ ಅರ್ಚಕರು "ಬಲಗೈ, ಬಲಗೈ!" ಎಂದು ಗದರಿದರು.

"ಇದು ತಿರುಗಲ್ಲ ಸ್ವಾಮೀ. ಬೇಕಾದ್ರೆ ನಾನೇ ತಲೆಕೆಳಗಾಗಿ ನಿಂತ್ಕೋತೀನಿ, ಹುಯ್ಯಿರಿ!"

ಅರ್ಚಕರು ತೆಪ್ಪಗೆ ಎಡಗೈಗೇ ಹುಯ್ದರು.

ಆಯುಧಪೂಜೆಯ ದಿನ ಮಕ್ಕಳೆಲ್ಲ ತಮ್ಮ ಗ್ರಿಪ್ಪುಗಳನ್ನು ಬಾರಿನ ಕೆಳಗೆ ಇಟ್ಟು ಅರಿಸಿನ ಕುಂಕುಮ ಹಚ್ಚುತ್ತಾರೆ. ಮಂಗಳಾರತಿ ಮುಗಿಯುತ್ತಲೇ ಚಿಕ್ಕಪ್ಪ ಜೇಬಿನಿಂದ ಕತ್ತರಿ ತೆಗೆಯುತ್ತಾರೆ! ಒಂದೊಂದನ್ನೂ ಎಳೆದು ನೋಡಿ, ಹಿಗ್ಗಿದ್ದನ್ನು ಅಲ್ಲೇ ಕತ್ತರಿಸಿ ಹಾಕುತ್ತಾರೆ. ತಾಯಂದಿರು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ.

ಕಳೆದ ಸಲದ ಪೂಜೆಗೆ ಮುಂಚೆ, ಪದಕ ಗೆದ್ದಿದ್ದ ಮಾಲೂರಿನ ಹುಡುಗಿಯೊಬ್ಬಳು ತನ್ನ ಹಳೆಯ ಗ್ರಿಪ್ಪಿನ ಜೋಡಿಯನ್ನು, ಚಿಕ್ಕಪ್ಪನ ಬಳಿಯೇ ಕಲಿಯುತ್ತಿದ್ದ ನನ್ನ ಮಗಳಿಗೆ ಕೊಟ್ಟಿದ್ದಳು. ಗೆದ್ದವರದು ಕಿರಿಯರಿಗೆ ಸಿಕ್ಕರೆ ನಮ್ಮಲ್ಲಿ ಆಶೀರ್ವಾದವೆಂದೇ ಲೆಕ್ಕ. ನನ್ನ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಿದ್ದಳು.

"ಇದು ಮಗೂಗೆ ದೊಡ್ಡದು, ಹಿಗ್ಗಿದೆ ಬೇರೆ. ಕೊಡಿ ಅತ್ತಿಗೆ," ಎಂದರು ಪೂಜೆ ಮುಗಿದು ಕತ್ತರಿ ಹಿಡಿದ ಚಿಕ್ಕಪ್ಪ.

"ಗೆದ್ದ ಕೈಯದು ಕಣಪ್ಪಾ!"

"ಗೆದ್ದೋರ ಹಲ್ಲುಸೆಟ್ಟು ಹಾಕ್ಕೊಂಡು ಊಟ ಮಾಡ್ತೀರಾ?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಕುಂಕುಮ ಹಚ್ಚಿದ ವಸ್ತುವಿಗೆ ಕತ್ತರಿ ಹಾಕಿಸಲು ಅಮ್ಮನಿಗೆ ಮನಸ್ಸಾಗಲಿಲ್ಲ. ಆ ಗಲಾಟೆಯಲ್ಲಿ ಅದನ್ನು ಸೆರಗಿನೊಳಗೆ ಸೇರಿಸಿ, ಮಗಳ ಇನ್ನೊಂದು ಹಳೆಯ ಜೋಡಿಯನ್ನು ಕತ್ತರಿಗೆ ಒಡ್ಡಿದಳು. ಇದು ನಮಗೆ ಗೊತ್ತಾದದ್ದು ಆಮೇಲೆ.

ಇಲ್ಲಿಂದ ಮುಂದೆ ನಗಿಸಲು ನನ್ನಿಂದಾಗದು. ರಾಜ್ಯ ತಂಡದ ಆಯ್ಕೆಯ ದಿನ ಚಿಕ್ಕಪ್ಪ ಹೊಸ ಗ್ರಿಪ್ಪನ್ನು ತಾವೇ ಕಟ್ಟಿ ಕಳಿಸಿದ್ದರು. ಅಜ್ಜಿ ಗುಟ್ಟಾಗಿ ಕೊಟ್ಟ ಜೋಡಿಯನ್ನು ಮಗಳು ಬಾರ್ ಹತ್ತುವ ಮುಂಚೆ ಬದಲಾಯಿಸಿಕೊಂಡಳು. ಚೆನ್ನಾಗಿಯೇ ಸುತ್ತುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ನಿಂತಿತು. ಅವಳು ಚೀರುವ ಮೊದಲೇ ಚಿಕ್ಕಪ್ಪ ಓಡಿ ಅವಳನ್ನು ಹೆಗಲ ಮೇಲೆ ತಡೆದಿದ್ದರು. ಆದರೂ ಮುಂಗೈಯ ಎರಡು ಮೂಳೆಗಳೂ ಮುರಿದಿದ್ದವು.

ಆಸ್ಪತ್ರೆಯಲ್ಲಿ ಅಮ್ಮ ಗೋಳೋ ಎಂದು ಅತ್ತಳು. "ನಾನೇ ಕೊಟ್ಟೆ ಕಣಪ್ಪಾ. ಬೈದ್ಬಿಡು ನನ್ನ."

"ಒಳ್ಳೇದಾಗ್ಲಿ ಅಂತ ಕೊಟ್ರಿ. ಸುಮ್ನಿರಿ ಅತ್ತಿಗೆ," ಎಂದರು ಚಿಕ್ಕಪ್ಪ.

ಮೂಳೆ ಕೂಡುತ್ತದೆ, ಅಂಗೈ ಪೂರ್ತಿ ತಿರುಗುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಅಂದಿನಿಂದ ಮಗಳು ಅಳಲಿಲ್ಲ, ಅಜ್ಜಿಯನ್ನು ಹತ್ತಿರ ಸೇರಿಸಲಿಲ್ಲ, ನನ್ನಿಂದ ತಲೆಯನ್ನೂ ಬಾಚಿಸಿಕೊಳ್ಳಲಿಲ್ಲ.

ಅವಳು ಮತ್ತೆ ಶಾಲೆಗೆ ಹೊರಟ ಬೆಳಿಗ್ಗೆ ಚಿಕ್ಕಪ್ಪ ಬಂದರು. ಕೆದರಿದ ಕೂದಲಿನಲ್ಲಿ ಕೂತಿದ್ದವಳ ಹಿಂದೆ ತಾವೂ ನೆಲದ ಮೇಲೆ ಕೂತು ಬಾಚಣಿಗೆ ಎತ್ತಿಕೊಂಡರು. ಸ್ವಂತ ತಲೆಯಲ್ಲಿ ಕೂದಲಿಲ್ಲದ ಮನುಷ್ಯ! ಎಳೆಗಳು ಕೈಗೆ ಸಿಗದೆ ಮತ್ತೆ ಮತ್ತೆ ಬಿಚ್ಚಿಕೊಂಡವು. ಅವಳು ಅಲುಗಾಡದೆ ಕೂತಿದ್ದಳು.

"ತಾತಾ, ನನ್ನ ಕೈ ತಿರುಗುತ್ತಾ?"

ಚಿಕ್ಕಪ್ಪನ ಬೆರಳುಗಳು ನಿಂತವು. ಆಮೇಲೆ ಮತ್ತೆ ಹೆಣೆಯತೊಡಗಿದರು.

"ಗೊತ್ತಿಲ್ಲ ಕಂದಾ. ತಿರುಗದಿದ್ರೂ ಜಡೆ ಹಾಕಬಹುದು, ನೋಡು."

ಅವಳು ಆಗ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಚಿಕ್ಕಪ್ಪ ತುದಿಗೆ ರಿಬ್ಬನ್ ಕಟ್ಟುವವರೆಗೂ ಅಳುತ್ತಲೇ ಇದ್ದಳು. ಜಡೆ ಸೊಟ್ಟಗೆ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಬಿಚ್ಚಿ ಸರಿಯಾಗಿ ಹಾಕ್ತೀನಿ ಬಾರೇ ಎಂದೆ.

"ಮುಟ್ಟಬೇಡಮ್ಮಾ," ಎಂದಳು. ಹಾಗೆಯೇ ಶಾಲೆಗೆ ಹೋದಳು.