ಕಾರಿನ ಮೆದುಳು ಬದಲಿಸಿದ್ದು

ಪ್ರವಾಸಿಗರ ತಂಡ ಕಟ್ಟಿಕೊಂಡು ಇಪ್ಪತ್ತೆಂಟು ವರ್ಷ ದೇಶ ಸುತ್ತಿದವಳು ನಾನು. ಮರುಭೂಮಿಯಲ್ಲಿ ಒಂಟೆ ತಪ್ಪಿಸಿಕೊಂಡಿದೆ, ಹಿಮದಲ್ಲಿ ಬಸ್ಸು ಹೂತುಹೋಗಿದೆ. ಅಲ್ಲೆಲ್ಲ ನಗುವಂಥದ್ದೇನೂ ಆಗಲಿಲ್ಲ. ಅಂಥದ್ದೆಲ್ಲ ನನಗೆ ಕಾದು ಕೂತಿರುವುದು ಚೆನ್ನೈಯಲ್ಲೇ, ಅದೂ ವೇಲಚೇರಿಯ ನನ್ನ ಮನೆಯಿಂದ ಹದಿನೈದು ಕಿಲೋಮೀಟರಿನ ಒಳಗೆ.

೧. ತಜ್ಞರ ಸಭೆ

ಕಳೆದ ಮಳೆಗಾಲದಲ್ಲಿ ನಾನು ಊರಲ್ಲಿ ಇಲ್ಲದಾಗ ನಮ್ಮ ಫ್ಲಾಟಿನ ಪಾರ್ಕಿಂಗಿಗೆ ನೀರು ನುಗ್ಗಿ, ನನ್ನ ಕಾರು ಸೀಟಿನವರೆಗೆ ಸ್ನಾನ ಮಾಡಿತ್ತು. ಒಣಗಿದ ಮೇಲೆ ಓಡಿತು, ನಿಜ. ಆದರೆ ಮನಸ್ಸು ಬಂದಲ್ಲಿ ನಿಲ್ಲುವುದನ್ನು ಕಲಿತಿತು.

ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಹಸಿರು ಬಂತು, ಕಾರಿನ ಉಸಿರು ಹೋಯಿತು. ಅರೆ ನಿಮಿಷದಲ್ಲಿ ಸುತ್ತ ತಜ್ಞರ ಸಭೆ ಸೇರಿತು. "ಬ್ಯಾಟರಿ ಅಕ್ಕಾ," ಅಂದ ಆಟೋದವನು. "ಪ್ಲಗ್ಗು," ಅಂದ ಹಾಲಿನ ವ್ಯಾನಿನವನು. ಹೂ ಮಾರುವಾಕೆ ಬುಟ್ಟಿ ಇಳಿಸಿ, "ಯಾರದೋ ದೃಷ್ಟಿ ಬಿದ್ದಿದೆಯಮ್ಮಾ, ಒಂದು ನಿಂಬೆಹಣ್ಣು ಕಟ್ಟು," ಅಂದಳು. ಕೊನೆಗೆ ಟ್ರಾಫಿಕ್ ಪೊಲೀಸ್ ಬಂದು ಎಲ್ಲರನ್ನೂ ಸರಿಸಿ, ಬಾನೆಟ್ ತೆರೆಸಿ, ಸೊಂಟದ ಮೇಲೆ ಕೈ ಇಟ್ಟು ಎರಡು ನಿಮಿಷ ಒಳಗೆ ನೋಡಿದರು. ನಾನೂ ಪಕ್ಕದಲ್ಲಿ ಬಗ್ಗಿ ನೋಡಿದೆ.

"ಎಂಜಿನ್ ಇದೆ," ಅಂದರು.

೨. ರೋಗಿಯ ಕಡೆಯವರು

ಕಾರನ್ನು ತಳ್ಳಿಸಿಕೊಂಡು ಮನೆಗೆ ತಂದದ್ದಾಯಿತು. ನಮ್ಮ ಮೆಕ್ಯಾನಿಕ್ಕು ಪಾರ್ಕಿಂಗಿಗೇ ಬಂದು ಸ್ಟೀರಿಂಗಿನ ಕೆಳಗೆ ಒಂದು ಯಂತ್ರ ಸಿಕ್ಕಿಸಿ ಪರದೆ ನೋಡಿದ, ಮುಖ ಸಣ್ಣಗೆ ಮಾಡಿಕೊಂಡ. ಕಾರು ನನ್ನದು, ಓಡಿಸುವವಳು ನಾನು, ಎದುರಿಗೆ ನಿಂತಿದ್ದವಳೂ ನಾನೇ. ಅವನು ಮಾತ್ರ ನನ್ನನ್ನು ದಾಟಿ, ಅತ್ತಿಗೆಯ ಜೊತೆ ಫ್ಲಾಟಿನಿಂದ ಇಳಿದು ಬಂದಿದ್ದ ನನ್ನ ಅಣ್ಣನನ್ನು ಮೂಲೆಗೆ ಕರೆದ. ಅಣ್ಣನಿಗೆ ಟ್ರಿಪ್ಲಿಕೇನಿನಲ್ಲಿ ಹೋಟೆಲಿದೆ. ಸಾಂಬಾರಿಗೆ ಬೆಲ್ಲ ಎಷ್ಟು ಹಾಕಬೇಕು ಅನ್ನುವುದರಾಚೆ ಯಾವ ತಂತ್ರಜ್ಞಾನವೂ ಅವನಿಗೆ ಗೊತ್ತಿಲ್ಲ.

"ಸಾರ್, ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಅಂದ ಮೆಕ್ಯಾನಿಕ್ಕು ಮೆಲ್ಲಗೆ. "ಮೆದುಳು ಹೋಗಿದೆ. ಕಂಟ್ರೋಲ್ ಮಾಡ್ಯೂಲ್. ಪೆಟ್ರೋಲು, ಕಿಡಿ ಎಲ್ಲಾ ಲೆಕ್ಕ ಅದರದ್ದೇ. ಒಳಗೆ ನೀರು."

ಅಣ್ಣ ತಿರುಗಿ ನನ್ನನ್ನು ನೋಡಿದ. "ನೋಡು ಮಾರಾಯ್ತಿ, ನಿನಗೆ ಅರವತ್ತೊಂದು, ಇದಕ್ಕೆ ಹದಿಮೂರು. ಇಬ್ಬರೂ ಮನೆಯಲ್ಲಿ ಕೂರುವ ಕಾಲ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಗುಜರಿಯವನನ್ನು ಬರಹೇಳ್ತೇನೆ."

ನನಗೆ ಸಿಟ್ಟು ಬಂದದ್ದು ವಯಸ್ಸಿನ ಮಾತಿಗಲ್ಲ. ಮುಂದಿನ ವಾರ ಒಬ್ಬಳೇ ಕಾರು ಓಡಿಸಿಕೊಂಡು ಕಡಲ ದಂಡೆ ಹಿಡಿದು ಧನುಷ್ಕೋಡಿಗೆ ಹೋಗುವವಳಿದ್ದೆ. ಕಾರು ಹೋದರೆ ಇನ್ನೊಂದು ಕೊಳ್ಳಲು ಈ ಮನೆಯಲ್ಲಿ ಯಾರೂ ಬಿಡುವುದಿಲ್ಲ. ಉಳಿದ ಆಯುಷ್ಯ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಬ್ಯಾಗು ತಬ್ಬಿಕೊಂಡು ಕೂರಬೇಕು.

"ಶುಕ್ರವಾರದೊಳಗೆ ಓಡಿದರೆ?" ಅಂದೆ.

"ಓಡಿದರೆ ನಾನು ಬಾಯಿ ಬಿಡುವುದಿಲ್ಲ."

ಅತ್ತಿಗೆ ಮಧ್ಯೆ ಬಾಯಿ ಹಾಕಿದಳು: "ಅಷ್ಟಾದರೆ ಸಾಕು, ನಾನು ಕಾರಿಗೇ ಹರಕೆ ಹೊರ್ತೇನೆ."

೩. ಯಾವ ಅಕ್ಕಿ?

ಬಿಚ್ಚಿ ತೆಗೆದ ಮಾಡ್ಯೂಲನ್ನು ಒಂದು ಚೀಲದಲ್ಲಿಟ್ಟುಕೊಂಡು ಅಣ್ಣನ ಹೋಟೆಲಿಗೆ ಕಾಫಿಗೆ ಹೋದದ್ದು ನನ್ನ ತಪ್ಪು. ಅಡಿಗೆ ಭಟ್ಟರು ಕುಂದಾಪುರದ ಕಡೆಯವರು. ಅವರ ಮೊಬೈಲು ಎರಡು ಸಲ ಸಾಂಬಾರಿಗೆ ಬಿದ್ದು ಎರಡು ಸಲವೂ ಅಕ್ಕಿಯಲ್ಲಿ ಹೂತು ಬದುಕಿದೆ.

"ಹೊಸದು ಎಂತಕ್ಕೆ ಅಮ್ಮ? ಎರಡು ದಿನ ಅಕ್ಕಿಯಲ್ಲಿಡಿ, ನೀರೆಲ್ಲ ಹೀರಿ ಬಿಡ್ತದೆ."

ದೋಸೆ ಹೊಯ್ಯುವವನು ಕಾವಲಿಯಿಂದಲೇ ಕೂಗಿದ: "ಕುಚ್ಚಲಕ್ಕಿಯಲ್ಲಿ ಇಡಿ!" "ಕುಚ್ಚಲಕ್ಕಿ ಒಮ್ಮೆ ಬೆಂದದ್ದು ಮಾರಾಯ, ಅದಕ್ಕೆ ಹೀರುವ ತಾಕತ್ತು ಎಲ್ಲಿದೆ? ಬೇಯಿಸದ ಬೆಳ್ತಿಗೆ ಅಕ್ಕಿಯೇ ಆಗಬೇಕು," ಅಂದರು ಭಟ್ಟರು. ವಾದ ಬೆಳೆದು ಗಿರಾಕಿಗಳೂ ಎರಡು ಪಕ್ಷವಾದರು. ಕೊನೆಗೆ ಇಡ್ಲಿ ಅಕ್ಕಿಯ ಡಬ್ಬಿಯಲ್ಲಿ ಇಡುವುದೆಂದು ರಾಜಿಯಾಯಿತು.

ಮರುದಿನ ಬೆಳಿಗ್ಗೆ ಹಿಟ್ಟಿಗೆ ಅಕ್ಕಿ ನೆನೆಹಾಕುವ ಹೊಣೆ ಬೇರೆಯವರದು. ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೋಗುವಷ್ಟರಲ್ಲಿ ಮಾಡ್ಯೂಲು ಮೂರು ನೀರಲ್ಲಿ ತೊಳೆಸಿಕೊಂಡು, ಅಕ್ಕಿಯ ಜೊತೆ ನಾಲ್ಕು ತಾಸು ನೆನೆದಿತ್ತು.

ಭಟ್ಟರು ಅದನ್ನು ಎತ್ತಿ ನೀರು ಇಳಿಸಿ, ತಿರುವಿ ನೋಡಿ ನನ್ನ ಕೈಗೆ ಕೊಟ್ಟರು. "ಏನೇ ಹೇಳಿ, ಈಗ ಲಾಯ್ಕ ಕ್ಲೀನ್ ಆಯ್ತು."

೪. ಸಂಬಂಧ ನೋಡಿದ್ದು

ಇನ್ನು ಬದಲಿಸದೆ ವಿಧಿಯಿರಲಿಲ್ಲ. ಹದಿಮೂರು ವರ್ಷದ ಕಾರಿಗೆ ಹೊಸ ಮಾಡ್ಯೂಲು ಬರಲು ತಿಂಗಳಾಗುತ್ತದಂತೆ. ಹಾಗಾಗಿ ಹಳೇ ಬಿಡಿಭಾಗ ಮಾರುವ ಬೀದಿಗೆ ಹೋದೆ. ಹದಿನಾಲ್ಕು ಅಂಗಡಿ ಹತ್ತಿ ಇಳಿದ ಮೇಲೆ, ನಂಬರೆಲ್ಲ ತಾಳೆಯಾಗುವ ಒಂದು ಸಿಕ್ಕಿತು. ಅಂಗಡಿಯವರು ಅದನ್ನು ಪಂಚೆಯಲ್ಲಿ ಒರೆಸಿ, ಕನ್ಯೆ ತೋರಿಸುವ ಹಾಗೆ ಮುಂದಿಟ್ಟರು.

"ಒಳ್ಳೇ ಮನೆತನದ ಗಾಡಿಯದಮ್ಮಾ. ಲೇಡಿ ಡಾಕ್ಟರು ಓಡಿಸ್ತಿದ್ದದ್ದು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಸ್ಪೀಡು ಮೂವತ್ತು ದಾಟಿಸಿದವರಲ್ಲ."

"ಹಾಗಾದರೆ ಗುಜರಿಗೆ ಹೇಗೆ ಬಂತು?"

ಅವರು ಅದನ್ನು ಪಂಚೆಯಲ್ಲಿ ಇನ್ನೊಮ್ಮೆ ಒರೆಸಿದರು. "ಒಂದು ದಿನ ಗಂಡ ಓಡಿಸಿದ್ರು."

೫. ಹತ್ತು ನಿಮಿಷ, ಮೂರು ಸಲ

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೆಕ್ಯಾನಿಕ್ಕು ನಮ್ಮ ಪಾರ್ಕಿಂಗಿಗೆ ಬಂದು ಮಾಡ್ಯೂಲು ಕೂರಿಸಿದ. "ಅಕ್ಕಾ, ಈ ಮೆದುಳಿಗೆ ನಿಮ್ಮ ಕೀಯ ಗುರುತಿಲ್ಲ. ಪರಿಚಯ ಮಾಡಿಸ್ಬೇಕು. ಕೀ ತಿರುಗಿಸಿ, ಹತ್ತು ನಿಮಿಷ ಏನೂ ಮುಟ್ಟದೆ ಕೂತಿರಿ. ಆಫ್ ಮಾಡಿ, ಮತ್ತೆ ಹತ್ತು. ಹೀಗೆ ಮೂರು ಸಲ. ಬಾಗಿಲು ತೆಗೆದ್ರೆ ಮೊದಲಿಂದ. ಇನ್ನೊಂದು ಕೀ ಇದ್ರೆ ಅದನ್ನೂ ಈಗಲೇ ಕೊಡಿ."

ಇನ್ನೊಂದು ಕೀ ಅಣ್ಣನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಗುಜರಿಯವನಿಗೆ ಕೊಡಲು ಬೆಳಿಗ್ಗೆಯೇ ಮೊಳೆಯಿಂದ ತೆಗೆದಿಟ್ಟುಕೊಂಡಿದ್ದ.

"ಇರುವುದು ಇದೊಂದೇ," ಅಂದೆ.

ಹತ್ತು ನಿಮಿಷ ಸುಮ್ಮನೆ ಕೂರುವುದು! ವಿಮಾನದಲ್ಲಿ ಕೂಡ ನಾನು ಓಡಾಡುವವಳು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿಣುಕುತ್ತಿತ್ತು, ನಾನು ಎರಡು ಕೈಗಳ ಮೇಲೂ ಕೂತೆ. ಮೊದಲ ಸುತ್ತು ಮುಗಿಯಿತು. ಎರಡನೆಯದು ಮುಗಿಯಲು ಇನ್ನೊಂದು ನಿಮಿಷವಿರುವಾಗ ಅತ್ತಿಗೆ ಬಾಗಿಲು ಪಟಕ್ಕನೆ ತೆಗೆದು, "ಉಪ್ಪಿಟ್ಟು ತಣಿತದೆ ಮಾರಾಯ್ತಿ," ಅಂದಳು.

ಮೊದಲಿಂದ. ಆದರೆ ಅಷ್ಟರಲ್ಲಿ ಹತ್ತೂವರೆ. ಮೆಕ್ಯಾನಿಕ್ಕು ಕೈ ಮುಗಿದ. "ರಾಹುಕಾಲ ಶುರುವಾಯ್ತು ಅಕ್ಕಾ. ಇನ್ನು ಹನ್ನೆರಡರ ಮೇಲೆ."

ಹನ್ನೆರಡಕ್ಕೆ ಗುಜರಿಯವನು. "ನೀನು ಮುಟ್ಟಬೇಡ, ದೂರ ನಿಲ್ಲು. ರಾಹುವಿಗೆ ನಾನು ಹೇಳಿಕೊಳ್ತೇನೆ," ಅಂತ ನಾಲ್ಕು ಬಾಗಿಲೂ ಲಾಕ್ ಮಾಡಿ ಕೀ ತಿರುಗಿಸಿದೆ. ಗುಜರಿಯವನು ಬೇಗನೆ ಬಂದು ಹಗ್ಗ ಬಿಚ್ಚತೊಡಗಿದ. ನಾನು ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತಿತು. ಆಗಲೂ ಅಲ್ಲಾಡಲಿಲ್ಲ.

ಮೂರನೇ ಸುತ್ತಿನ ಕೊನೆಗೆ ದೀಪ ಆರಿತು. ಕೀ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು.

ಅಣ್ಣ ನಂಬಲಿಲ್ಲ. "ಒಮ್ಮೆ ಆದದ್ದು ಲೆಕ್ಕಕ್ಕಿಲ್ಲ. ಇಳಿ, ನಾನು ನೋಡ್ತೇನೆ." ಆಫ್ ಮಾಡಿ ಇಳಿದೆ. ಅವನು ಕೂತು, ತನ್ನ ಜೇಬಿನ ಕೀ ಹಾಕಿ ತಿರುಗಿಸಿದ. ಕಾರು ತುಟಿಪಿಟಕ್ಕೆನ್ನಲಿಲ್ಲ. "ಕಂಡಿತಾ? ಸತ್ತಿತು! ಕಟ್ಟಯ್ಯ ಹಗ್ಗ!"

ನಾನು ಕೂತೆ, ನನ್ನ ಕೀ ಹಾಕಿದೆ. ಓಡಿತು. ಅವನು ಕೂತ, ನಿಂತಿತು. ನಾನು ಕೂತೆ, ಓಡಿತು. ಗುಜರಿಯವನು ಹಗ್ಗ ಸುತ್ತಿ, ಬಿಚ್ಚಿ, ಸುತ್ತಿ ಸುಸ್ತಾದ. "ಸಾರ್, ನೀವಿಬ್ಬರೂ ಮೊದಲು ತೀರ್ಮಾನ ಮಾಡಿ."

ಮೆಕ್ಯಾನಿಕ್ಕು ಅಣ್ಣನನ್ನು ಮತ್ತೆ ಮೂಲೆಗೆ ಕರೆದ. "ಸಾರ್, ಹಳೇ ಮೆದುಳಿಗೆ ನಿಮ್ಮ ಪರಿಚಯ ಇತ್ತು. ಇದಕ್ಕಿಲ್ಲ. ಇನ್ನು ಮೇಲೆ ಇದು ಅಕ್ಕ ಹೇಳಿದ್ದು ಮಾತ್ರ ಕೇಳೋದು. ಬೇರೆ ಯಾರು ಏನು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲ್ಲ."

ಅತ್ತಿಗೆ ಉಪ್ಪಿಟ್ಟಿನ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಣ್ಣನ ರಟ್ಟೆ ಹಿಡಿದು ಮೆಕ್ಯಾನಿಕ್ಕಿನ ಮುಂದೆ ತಂದು ನಿಲ್ಲಿಸಿದಳು.

"ಅರ್ಧ ಗಂಟೆ ಸಾಕಲ್ವಾ? ಇವರನ್ನು ಅಲ್ಲಾಡದ ಹಾಗೆ ನಾನು ಹಿಡ್ಕೊಳ್ತೇನೆ. ಇವರಿಗೂ ಇಂಥದ್ದೊಂದು ಮೆದುಳು ಹಾಕಿಬಿಡಿ."