ಗುಂಡಾಚಾರ್ಯರು ಬಾತುಗಳ ಮೇಲೆ ದಂಡೆತ್ತಿ ಹೋದದ್ದು

ಮೊನ್ನೆ ಮಂಗಳವಾರ ಸಂಧ್ಯಾವಂದನೆ ಮುಗಿಸಿ ಏಳುತ್ತಿದ್ದಾಗ, ನನ್ನ ಐವತ್ತು ವರ್ಷದ ಗೆಳೆಯ ಗುಂಡಾಚಾರ್ಯರು ಹರಿಪಾದ ಸೇರಿದ ಸುದ್ದಿ ಬಂತು. ತಲೆಗೆ ನೀರು ಹಾಕಿಕೊಂಡು ಬಂದು ಕೂತವನಿಗೆ ಅವರ ಮಹಾಯುದ್ಧ ನೆನಪಾಗಿ, ಕಣ್ಣೊರೆಸಿಕೊಳ್ಳುತ್ತಲೇ ನಗು ಬಂತು. ಅವರ ಗತ್ತಿಗೆ ತಕ್ಕಂತೆ ಅದನ್ನು ಹೇಳುತ್ತೇನೆ.

ಕಲಿಯುಗದ ಪ್ರಥಮ ಪಾದದಲ್ಲಿ, ಭರತವರ್ಷದಲ್ಲಿ, ಮಲಪ್ರಭೆಯ ದಕ್ಷಿಣ ತೀರದಲ್ಲಿ, ನಮ್ಮೂರ ಹನುಮಂತದೇವರ ಗುಡಿಯ ಹೊಂಡಕ್ಕೆ ಮಹಾಸಂಕಟ ಒದಗಿತು. ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದೆ, ತೀರ್ಥಕ್ಕೆ ಬಳಸಕೂಡದು ಎಂದು ಪಂಚಾಯಿತಿಯವರು ಚೀಟಿ ಅಂಟಿಸಿದರು. ಆಗ ದ್ವಾದಶನಾಮಾಲಂಕೃತರೂ, ಶುಭ್ರಧೋತರಧಾರಿಗಳೂ, ಏಕಾದಶಿಯಂದು ಹನಿ ನೀರು ಮುಟ್ಟದೆ ದ್ವಾದಶಿಯಂದು ಹದಿನೆಂಟು ಹೋಳಿಗೆಗಳನ್ನು ಸಂಹರಿಸುವವರೂ ಆದ ಅರ್ಚಕ ಗುಂಡಾಚಾರ್ಯರು ಮೆಟ್ಟಿಲ ಮೇಲೆ ನಿಂತು ಗರ್ಜಿಸಿದರು:

"ಇದು ಆ ಬಸಲಿಂಗವ್ವನ ಬಾತುಗಳ ಕೆಲಸ! ಹನ್ನೊಂದನ್ನೂ ಊರ ಹೊರಗ ಅಟ್ಟದಿದ್ರ ನಾನು ಗುಂಡಾಚಾರನೇ ಅಲ್ಲ!"

ಬಾತಿನ ತತ್ತಿ ಮಾರಿ ಬದುಕುತ್ತಿದ್ದ, ಜಿಹ್ವಾಯುಧಧಾರಿಣಿಯಾದ ಬಸಲಿಂಗವ್ವ ಸೆರಗು ಬಿಗಿದಳು. "ಬಾತು ಹೋದ್ರ ನನ್ನ ಒಲಿ ಆರ್ತೈತ್ರೀ ಆಚಾರ್ರ. ಹೇಲಿನ ಮ್ಯಾಲ ಹೆಸರು ಬರದಿರ್ತೈತೇನು?"

"ಬರದಿರ್ತದ," ಎಂದಳು ನೀರು ಪರೀಕ್ಷಿಸುವ ಪ್ರಯೋಗಾಲಯದ ನಸೀಮಾ. "ಒಂದೊಂದು ಪ್ರಾಣಿ ಹೊಟ್ಟ್ಯಾಗ ಬ್ಯಾರೆ ಬ್ಯಾರೆ ಬ್ಯಾಕ್ಟೀರಿಯಾ ಇರ್ತಾವ, ಅಜ್ಜಾರ. ನೀರಾಗ ಯಾವು ಸಿಗ್ತಾವ ನೋಡಿ, ಹೊಲಸು ಯಾರದು ಅಂತ ಹೇಳ್ತೀವಿ." ನೀರು ತುಂಬಿ ಪ್ರಯೋಗಾಲಯಕ್ಕೆ ತರಲು ಮುಚ್ಚಳ ಬಿಗಿದ ಬಾಟಲಿಯೊಂದನ್ನು ಆಚಾರ್ಯರ ಕೈಗೆ ಕೊಟ್ಟು ಹೋದಳು.

ಮರುದಿನ ಸೂರ್ಯೋದಯಕ್ಕೆ, ಘಂಟಾನಾದ ದಿಕ್ಕುಗಳನ್ನು ತುಂಬುತ್ತಿರಲು, ನಮ್ಮ ವೀರರು ಏಕಾದಶ ಬಾತುಗಳ ಘೋರವ್ಯೂಹವನ್ನು ಭೇದಿಸಿ, ಎಡಗಾಲಿಗೆ ಕುಕ್ಕಿಸಿಕೊಂಡರೂ ಹಿಮ್ಮೆಟ್ಟದೆ, ಸೊಂಟದುದ್ದ ನೀರಿಗಿಳಿದು ಬಾಟಲಿ ತುಂಬಿದರು. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಒಯ್ದರು. ಡಬ್ಬಿಗೆ ಬೇರೆ ಟಿಕೀಟು ಬೇಕೇ ಎಂದು ಕಂಡಕ್ಟರನನ್ನು ನಾನೇ ಕೇಳಿದ್ದೆ.

ಹತ್ತು ದಿನಗಳ ನಂತರ ನಸೀಮಾ ವರದಿ ತಂದಳು. ಊರೇ ನೆರೆದಿತ್ತು.

"ಬಾತಿನದಲ್ಲ," ಎಂದಳು ನಸೀಮಾ. "ಆಕಳದ್ದು. ಅದೂ ಅಳತಿ ಮೀರಿ."

ಆ ಕಡಿದಾದ ಮೆಟ್ಟಿಲುಗಳನ್ನು ಯಾವ ಆಕಳೂ ಇಳಿದದ್ದಿಲ್ಲ. ನಸೀಮಾ ಹುಬ್ಬು ಗಂಟಿಕ್ಕಿದಳು. "ಅಜ್ಜಾರ, ಬಾಟ್ಲಿ ಒಳಗ ಏನರ ಹಾಕಿದ್ರೇನು?"

"ಛೇ ಛೇ! ಯಾರ್ಯಾರೋ ಮುಟ್ಟಿದ ಬಾಟ್ಲಿ ಅಂತ ಪಂಚಗವ್ಯ ಹಾಕಿ ಶುದ್ಧಿ ಮಾಡಿದ್ದೆ, ಅಷ್ಟ!"

ಹಾಲು, ಮೊಸರು, ತುಪ್ಪ, ಗೋಮೂತ್ರಗಳ ಜೊತೆ ಐದನೆಯದು ಸಗಣಿ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

"ಹಂಗಾದ್ರ ಈಗ ಆಚಾರ್ರನ್ನ ಊರ ಹೊರಗ ಅಟ್ಟೂಣೇನ್ರೀ?" ಎಂದಳು ಬಸಲಿಂಗವ್ವ.

ಎರಡನೆಯ ಸಲ ನಸೀಮಾ ತಾನೇ ನೀರು ತುಂಬಿಕೊಂಡು ಹೋದಳು. ಸಿಕ್ಕಿದ್ದು ಮನುಷ್ಯರ ಹೊಟ್ಟೆಯ ಬ್ಯಾಕ್ಟೀರಿಯಾ. ಗುಡಿಯ ಹಿಂದಿನ ಪಾಯಖಾನೆಯ ಪೈಪು ಬೆರಳಗಲ ಬಿರುಕು ಬಿಟ್ಟು ಹೊಂಡಕ್ಕೆ ಜಿನುಗುತ್ತಿತ್ತು. ಗೌಂಡಿಯೊಬ್ಬ ಬಂದು, ಬಾಯಲ್ಲಿನ ಎಲೆಯಡಿಕೆ ಮುಗಿಯುವುದರೊಳಗೆ, ಅರ್ಧ ಪುಟ್ಟಿ ಸಿಮೆಂಟು ಮೆತ್ತಿ ಹೋದ.

ಅಂದು ಸಂಜೆ ಗುಂಡಾಚಾರ್ಯರು ಯಾರೂ ಹೇಳದೆಯೇ ಬಸಲಿಂಗವ್ವನ ಮನೆಗೆ ಹೋಗಿ ಕೈ ಮುಗಿದರು. "ತಪ್ಪಾತವ್ವಾ."

"ಇರ್ಲಿ ಬಿಡ್ರೀ. ಕಾಲಿನ ಗಾಯ ಮಾಯ್ತೇನು?"

ಶ್ರೀಹರಿಯೇ, ಶುದ್ಧಿಗಾಗಿಯೇ ಬದುಕಿದ, ತಪ್ಪಿದಾಗ ತಲೆ ಬಾಗಿಸಿದ ಆ ಜೀವವನ್ನು ನಿನ್ನ ಪಾದದ ತಂಪಿನಲ್ಲಿ ಇಟ್ಟುಕೋ. ನನ್ನ ಗೆಳೆಯನಿಗೆ ಶಾಂತಿ ಕೊಡು.