ಅಳಿಯನ ಸೊಂಟಕ್ಕೊಂದು ಬೆಲ್ಟ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಚಹಾ ಕುಡಿದು ಎದ್ದಿದ್ದೇನೆ. ಇನ್ನೂ ಮುಂದೂಡಿದರೆ ಬೇರೆಯವರು ಹೇಳುವುದೇ ನಿಜವಾಗಿ ಉಳಿದೀತು. ಅವರು ಹೇಳುವುದು ಸುಳ್ಳು. ಆ ಸುಳ್ಳನ್ನು ಹಬ್ಬಿಸಿದವನು ನಾನೇ.

ನಮ್ಮ ಅಳಿಯ ಕಾರವಾರದ ಕಡಲ ದಂಡೆಯಲ್ಲಿ ಪ್ರವಾಸಿಗರಿಗೆ ವಿಂಗ್ ಫಾಯಿಲಿಂಗ್ ಕಲಿಸುತ್ತಾನೆ. ಹಲಗೆಯ ಮೇಲೆ ನಿಂತು, ಗಾಳಿ ತುಂಬಿದ ದೊಡ್ಡ ರೆಕ್ಕೆಯೊಂದನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಗಾಳಿ ಎಳೆದುಕೊಂಡು ಹೋಗುತ್ತದೆ. ವೇಗ ಬಂದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಹುಡುಗ ಏನು ಮಾಡುತ್ತಾನೆಂದು ನೆಂಟರು ಕೇಳಿದರೆ ನಾನು 'ನೀರಾವರಿ' ಎಂದು ಮಾತು ಮುಗಿಸುತ್ತಿದ್ದೆ.

ದೀಪಾವಳಿಗೆ ನಮ್ಮೂರು ವಾಡಿಗೆ ಬಂದಾಗ ಅವನ ಭುಜ ಹಿಡಿದುಕೊಂಡಿತ್ತು. "ಸೊಂಟಕ್ಕ ಹಾರ್ನೆಸ್ ಇದ್ರ ಇಷ್ಟು ತ್ರಾಸ ಆಗಂಗಿಲ್ಲಪ್ಪಾ," ಎಂದಳು ಮಗಳು. "ರೆಕ್ಕಿ ಹಗ್ಗ ಅದರ ಕೊಂಡಿಗಿ ಸಿಗಿಸಿದ್ರ ಎಳತ ಎಲ್ಲಾ ಸೊಂಟದ ಮ್ಯಾಲೆ ಬೀಳ್ತದ."

ಸೊಂಟದ ಬೆಲ್ಟ್! ಸಿಮೆಂಟ್ ಕಾರ್ಖಾನೆಯಲ್ಲಿ ಎತ್ತರದ ಕೆಲಸಕ್ಕೆ ವರ್ಷಗಟ್ಟಲೆ ಬೆಲ್ಟ್ ಕಟ್ಟಿದವನು ನಾನು. ಈ ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತ ಜಿಲ್ಲೆಯಲ್ಲಿ ಇಲ್ಲವೆಂದು ನಾನೇ ತೀರ್ಮಾನಿಸಿದೆ. ಯುಗಾದಿಗೆ ಅಳಿಯನಿಗೆ ಹಬ್ಬದ ಉಡುಗೊರೆಯೆಂದು ಅದನ್ನೇ ಆಯೇರಿ ಮಾಡುವುದು, ಅಲ್ಲಿಯವರೆಗೆ ಗುಟ್ಟು.

ಫೋನಿನಲ್ಲಿ ತರಿಸಲು ಹೊರಟರೆ ಅಂಗಡಿಯವರು ಅಳತೆ ಕೇಳಿದರು. ಬರಿ ಮೈಗೆ, ಹೊಕ್ಕುಳದ ಮಟ್ಟಕ್ಕೆ ಅಳೆಯಬೇಕಂತೆ.

"ಅವರಿಗೇ ಫೋನ್ ಮಾಡಿ ಕೇಳ್ರಲ್ಲ," ಎಂದಳು ನಮ್ಮಾಕಿ, ನನ್ನ ಹೆಂಡತಿ.

"ಮಾವ ಆದಾಂವ ಅಳಿಯನ ಹೊಕ್ಕಳದ ಸುದ್ದಿ ಕೇಳಬೇಕೇನು?"

"ಮಗಳಿಗರೆ ಕೇಳ್ರಿ."

"ಆಕಿಗಿ ಹೇಳಿದ್ರ ಗುಟ್ಟು ಎಲ್ಲಿ ಉಳೀತದ?"

ಬಚ್ಚಲ ಗೂಟಕ್ಕೆ ಅಳಿಯನ ಹಳೆಯ ಉಡದಾರ ನೇತಾಡುತ್ತಿತ್ತು. ಹಬ್ಬಕ್ಕೆ ಹೊಸದು ಕಟ್ಟಿಕೊಂಡು ಅದನ್ನು ಬಿಚ್ಚಿಟ್ಟು ಹೋಗಿದ್ದ. ಹಗಲಿರುಳು ಸೊಂಟಕ್ಕೇ ಅಂಟಿಕೊಂಡಿದ್ದ ದಾರಕ್ಕಿಂತ ಪ್ರಾಮಾಣಿಕ ಸಾಕ್ಷಿ ಉಂಟೆ? ಟೇಪು ಹಿಡಿದೆ. ಉಡದಾರ ಹೊಟ್ಟೆಯ ಕೆಳಗೆ ಜಾರಿ ನಿಲ್ಲುತ್ತದೆ, ಹೋಳಿಗೆಗೂ ಜಾಗ ಬಿಟ್ಟು ಸಡಿಲವಾಗಿ ಕಟ್ಟುತ್ತೇವೆ ಎಂಬುದು, ನನ್ನ ಸೊಂಟದಲ್ಲೇ ಒಂದಿದ್ದರೂ, ಹೊಳೆಯಲಿಲ್ಲ.

ಮೆತ್ತನೆಯದು, ಗಟ್ಟಿ ಬೆನ್ನಿನದು ಎಂದು ಎರಡು ಬಗೆ ಇದ್ದವು. ಗಟ್ಟಿಯದನ್ನೇ ತರಿಸಿದೆ. ಬಂದ ಬೆಲ್ಟಿನಲ್ಲಿ ಅಳಿಯನ ಜೊತೆ ಮಗಳೂ ಹಿಡಿಯುತ್ತಿದ್ದಳು.

"ತಿರುಗಿ ಕಳಸ್ರಿ."

"ಒಳಗ ಕೌದಿ ತುಂಡು ಇಟ್ಟು ಹೊಲಿ. ಬಿಗಿ ಆಗ್ತದ."

"ನೀರಾಗ ಹೋಗೋದ್ರಿ ಅದು. ಕೌದಿ ನೀರು ಕುಡೀತದ. ನಾ ಹೊಲ್ಯಂಗಿಲ್ಲ."

"ಹೊಲಿ ಅಂದ್ರ ಹೊಲಿ."

ಹೊಲಿದಳು. ಅಂದ ಕಾಣಲೆಂದು ಮೇಲೆ ಹೊಸ ಕೆಂಪು ಖಣದ ಬಟ್ಟೆ ಹೊದಿಸಲು ಹೇಳಿದವನೂ ನಾನೇ.

ಯುಗಾದಿ ಬಂತು. ಆಯೇರಿಯನ್ನು ಅಲ್ಲೇ ತೊಟ್ಟು ಹಿರಿಯರ ಕಾಲಿಗೆ ಬೀಳುವುದು ನಮ್ಮಲ್ಲಿಯ ಪದ್ಧತಿ. ಬೆಲ್ಟ್ ಕಟ್ಟಿ ಬಾಗುವಾಗ ಅಳಿಯ ಮುಖ ಕಿವುಚಿದ. ಮಾವ ಕೊಟ್ಟದ್ದಕ್ಕೆ ಹೆಸರಿಡುವ ಅಳಿಯ ಅವನಲ್ಲ.

"ಕಾರವಾರಕ್ಕ ಹೋಗಿ ಹಾಕ್ಕೋತೀನ್ರಿ ಮಾವಾರ," ಎಂದ ಮೆಲ್ಲಗೆ.

"ಯಾಕ್ರಿ, ನಮ್ಮ ಚಿಂಚೋಳಿ ಕೆರಿ ನೀರು ನೀರಲ್ಲೇನು? ಹಲಗಿ ತಂದೀರಿ, ನಾಳೆ ತೋರಸ್ರಿ."

ಮರುದಿನ ಚಿಂಚೋಳಿ ಕಡೆಯ ಕೆರೆಯ ದಂಡೆಯಲ್ಲಿ ನಿಂತೆವು. ಅಳಿಯ ಹಗ್ಗವನ್ನು ಕೊಂಡಿಗೆ ಸಿಗಿಸಿ ಹೊರಟ. ಹಲಗೆ ನೀರು ಬಿಟ್ಟು ಎದ್ದಾಗ ನನ್ನ ಎದೆಯೂ ಎದ್ದಿತು. ಆದರೆ ಸುತ್ತ ಸಿಡಿದ ನೀರನ್ನೆಲ್ಲ ಕೌದಿ ಶ್ರದ್ಧೆಯಿಂದ ಕುಡಿಯುತ್ತಿತ್ತು. ಅಳಿಯ ಒಂದು ಕಡೆ ವಾಲಿದ, ಬಿದ್ದ. ಬೆಲ್ಟ್ ಕಂಕುಳವರೆಗೆ ಏರಿತು. ಎರಡೂ ಕೈ ಮೇಲೆ, ಕೊಂಡಿ ಕೈಗೆ ಸಿಗದು, ರೆಕ್ಕೆ ಮಾತ್ರ ಅವನನ್ನು ದರದರನೆ ಎಳೆಯುತ್ತಿದೆ. ಲೈಫ್ ಜಾಕೆಟ್ ಇಲ್ಲದಿದ್ದರೆ ಎಂಬ ಮಾತನ್ನು ನನಗೆ ಈಗಲೂ ಪೂರ್ತಿ ಮಾಡಲಾಗುವುದಿಲ್ಲ.

"ಅಪ್ಪಾ, ರಕ್ತ!" ಎಂದು ಮಗಳು ಚೀರಿದಳು. ಅವನ ಸುತ್ತಲ ನೀರು ಕೆಂಪಾಗಿತ್ತು.

ಮೀನು ಹಿಡಿಯುವವನೊಬ್ಬ ಬುಟ್ಟಿ ದೋಣಿಯಲ್ಲಿ ಹೋಗಿ ಎಳೆದು ತಂದ. "ರಕ್ತ ಅಲ್ಲ ತಗೋರಿ, ಈ ಖಣದ ಅರಬಿ ಬಣ್ಣ ಬಿಟ್ಟದ," ಎಂದ. ಅಳಿಯನ ಪಕ್ಕೆ ನೀಲಿಗಟ್ಟಿತ್ತು. ಉಸಿರು ತುಂಡು ತುಂಡಾಗಿ ಬರುತ್ತಿತ್ತು.

ಮಗಳು ಹಸಿ ಕೌದಿ ಎತ್ತಿ ಹಿಡಿದಳು. "ಇದ್ಯಾರು ಮಾಡಿದ್ದು? ಜೀವ ಹೋಗ್ತಿತ್ತು ಇವರದು."

ನನ್ನ ಬಾಯಿ ನನಗಿಂತ ಮೊದಲೇ ಉತ್ತರ ಕೊಟ್ಟಿತು. "ನಿಮ್ಮವ್ವ. ಬ್ಯಾಡ ಬ್ಯಾಡ ಅಂದೆ, ಕೇಳಲಿಲ್ಲ."

ನಮ್ಮಾಕಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಕೂತು ಸೆರಗಿನಿಂದ ಅಳಿಯನ ತಲೆ ಒರೆಸಿದಳು.

ಅಳಿಯನ ಪಕ್ಕೆ ಕೆಲವೇ ವಾರದಲ್ಲಿ ವಾಸಿಯಾಯಿತು. ನನ್ನ ಮಾತು ಮಾತ್ರ ಊರೂರು ತಿರುಗಿತು. ಶಹಾಬಾದದ ಮದುವೆಯೊಂದರಲ್ಲಿ ನಮ್ಮಾಕಿಯ ನಾದಿನಿ, "ಏನ್ ವೈನಿ, ನಮ್ಮ ಅಳಿಯಗೂ ಒಂದು ಬೆಲ್ಟ್ ಹೊಲಿತೀರೇನು?" ಎಂದು ಪಂಕ್ತಿಯಲ್ಲೇ ನಗಾಡಿದಳು. ಎಲೆಯಲ್ಲಿದ್ದ ಬೂಂದಿಯನ್ನು ನಾನು ಬಹಳ ಗಮನವಿಟ್ಟು ತಿಂದೆ. ಮಗಳು ಬಸುರಿಯಾದಾಗ, "ಅವ್ವಾ, ಕೂಸಿಗಿ ನೀ ಏನೂ ಹೊಲಿಬ್ಯಾಡ, ಅಂಗಡಿದೇ ತರ್ತೀವಿ," ಎಂದಳು. ಕೂಸಿನ ಕೌದಿಗೆಂದು ಆಯ್ದಿಟ್ಟಿದ್ದ ಬಣ್ಣದ ತುಂಡುಗಳನ್ನು ನಮ್ಮಾಕಿ ಮಡಚಿ ಟ್ರಂಕಿಗೆ ಹಾಕಿದಳು.

ಅವತ್ತು ಸಂಜೆ ಕ್ಷಮೆ ಕೇಳಿಯೇ ಬಿಡುವುದೆಂದು ಅಡುಗೆಮನೆಯ ಬಾಗಿಲವರೆಗೆ ಹೋದೆ.

"ಏನ್ರಿ?"

"ಸಾರಿಗಿ ಉಪ್ಪು ಸರಿ ಅದ," ಎಂದು ಹೇಳಿ ಬಂದೆ. ಅವಳು ಇನ್ನೂ ಒಲೆಯನ್ನೇ ಹಚ್ಚಿರಲಿಲ್ಲ.

ಮದುವೆಯಾದಾಗಿನಿಂದ ಅವಳನ್ನು 'ಏ' ಎಂದೇ ಕರೆದ ಬಾಯಿ ಇದು. ಸುಳ್ಳು ಬೇಗ ಬರುತ್ತದೆ, ಹೆಸರು ಬರುವುದಿಲ್ಲ. ಬರೆಯಲಾದರೂ ಬರುತ್ತದೋ ನೋಡೋಣ: ಗುರುಬಾಯಿ.